ಮನೆಗೊಂದು ಗನ್ ತಿಜೋರಿ: ಮಾಡಿಸುವುದು, ಸಾಗಿಸುವುದು, ಕೂರಿಸುವುದು, ಕಾಪಾಡುವುದು

ನಮ್ಮ ಕಡೆ, ಅಂದರೆ ಪಾವಗಡ, ಮಧುಗಿರಿ, ಶಿರಾ, ತಿಪಟೂರು ಸುತ್ತಮುತ್ತ, ಲೈಸೆನ್ಸ್ ಬಂದೂಕು ಇರುವ ಎಷ್ಟೋ ತೋಟದ ಮನೆಗಳಲ್ಲಿ ಅದು ಎಲ್ಲಿರುತ್ತದೆ ನೋಡಿ. ಬೀರುವಿನ ಹಿಂದೆ. ಅಟ್ಟದ ಮೇಲೆ. ಮಂಚದ ಕೆಳಗೆ ಗೋಣಿಚೀಲದಲ್ಲಿ ಸುತ್ತಿ. ಹಂದಿ ಕಾಟಕ್ಕೆ, ಕರಡಿ ಚಿರತೆ ಭಯಕ್ಕೆ ಅಂತ ಅಪ್ಪನ ಕಾಲದಲ್ಲಿ ತೆಗೆದುಕೊಂಡದ್ದು, ಈಗ ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಹೊರಗೆ ಬರುತ್ತದೆ. ಉಳಿದ ದಿನ ಅದು ಎಲ್ಲಿದೆ ಅನ್ನುವುದು ಮನೆಯ ಮಕ್ಕಳಿಗೆಲ್ಲ ಗೊತ್ತು.

ತಿಜೋರಿ ಬೇಕಾಗಿರುವುದು ಕಳ್ಳನಿಗಿಂತ ಮೊದಲು ಇದಕ್ಕೆ. ಮನೆಯ ಒಳಗಿನ ಕೈಗಳಿಗೂ ಬಂದೂಕಿಗೂ ನಡುವೆ ಒಂದು ಗಟ್ಟಿ ಬೀಗ ಇರಬೇಕು. ರಜೆಗೆ ಬಂದ ತಂಗಿಯ ಮಗ, ಕುಡಿದು ಜಗಳ ಮಾಡುವ ನೆಂಟ, ಸಾಲದ ಚಿಂತೆಯಲ್ಲಿ ರಾತ್ರಿ ನಿದ್ದೆ ಬಾರದೆ ಕೂತವರು, ಇವರೆಲ್ಲ ಗೋಡೆ ಒಡೆದು ಬರುವವರಲ್ಲ. ಈ ಮಾತು ತಲೆಯಲ್ಲಿಟ್ಟುಕೊಂಡರೆ ಕಬ್ಬಿಣದ ದಪ್ಪ ಎಷ್ಟು, ಬೀಗ ಯಾವುದು, ಕೀಲಿ ಎಲ್ಲಿ ಅನ್ನುವುದಕ್ಕೆಲ್ಲ ಉತ್ತರ ಸುಲಭವಾಗಿ ಸಿಗುತ್ತದೆ.

ಮೊದಲು ಕಾಗದ ಪತ್ರ

1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ಶಸ್ತ್ರಾಸ್ತ್ರ ನಿಯಮಗಳು, ಇವೆರಡು ನಮಗೆ ಅನ್ವಯ. ಕೊಡಗಿನ ಕೊಡವರಿಗೂ, ಅಲ್ಲಿ ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿ ಇರುವವರಿಗೂ ಸಿಗುವ ವಿನಾಯಿತಿ ಬಯಲುಸೀಮೆಯವರಿಗೆ ಇಲ್ಲ. 2016ರ ನಿಯಮದ ಪ್ರಕಾರ ಬಂದೂಕನ್ನು ಭದ್ರವಾಗಿ ಇಡುತ್ತೇನೆ ಅಂತ ಅರ್ಜಿದಾರರು ಮುಚ್ಚಳಿಕೆ ಬರೆದುಕೊಡಬೇಕು. ಹಾಗಾಗಿ ತಿಜೋರಿ ಅನ್ನುವುದು ಸುಮ್ನೆ ಶೋಕಿ ಅಲ್ಲ. ಲೈಸೆನ್ಸಿನ ಷರತ್ತು ಮುರಿದರೆ ಕಾಯ್ದೆಯ 30ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಂದೂಕು ಕಳೆದರೆ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕು.

2019ರ ತಿದ್ದುಪಡಿಯಿಂದ ಒಬ್ಬರ ಹೆಸರಲ್ಲಿ ಸಾಮಾನ್ಯವಾಗಿ 2 ಬಂದೂಕು ಮಾತ್ರ, ಲೈಸೆನ್ಸಿನ ಅವಧಿ 5 ವರ್ಷ. ತಿಜೋರಿ ಅಳತೆ ಹಾಕುವಾಗ ಇದು ಉಪಯೋಗಕ್ಕೆ ಬರುತ್ತದೆ. ವಿದೇಶಿ ವಿಡಿಯೋಗಳಲ್ಲಿ ತೋರಿಸುವ 24 ಬಂದೂಕಿನ ದೊಡ್ಡ ಕಪಾಟು ನಮಗೆ ಯಾಕೆ ಬೇಕು ಹೇಳಿ? ಚಿಕ್ಕದು ಸಾಕು. ಮಿಕ್ಕ ದುಡ್ಡನ್ನು ದಪ್ಪ ತಗಡಿಗೆ ಹಾಕಿ.

ಅಳತೆ

12 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಗಲದ ಲೆಕ್ಕ) ಬಂದೂಕಿನ ನಳಿಗೆಯ ಉದ್ದ ಸಾಮಾನ್ಯವಾಗಿ 28ರಿಂದ 32 ಇಂಚು. ಪೂರ್ತಿ ಉದ್ದ 4 ಅಡಿ ಹತ್ತಿರ. ನಿಲ್ಲಿಸಿ ಇಡುವುದಾದರೆ ಒಳಗಿನ ಎತ್ತರ ನಾಲ್ಕೂವರೆ ಅಡಿಯಾದರೂ ಬೇಕು. ಆದರೆ ಮಡಚಿ ತೋಟಾ ತುಂಬುವ ಸಿಂಗಲ್ ಬ್ಯಾರಲ್, ಡಬಲ್ ಬ್ಯಾರಲ್ ಬಂದೂಕುಗಳಿಗೆ ಒಂದು ಅನುಕೂಲ ಇದೆ. ನಳಿಗೆಯ ಕೆಳಗಿನ ಮರದ ತುಂಡನ್ನು ಬಿಚ್ಚಿದರೆ ನಳಿಗೆ ಬೇರೆ, ಹಿಂದಿನ ಮರ ಬೇರೆ ಆಗುತ್ತವೆ. ಹೀಗೆ ಬಿಚ್ಚಿ ಇಟ್ಟರೆ ಮೂರು ಅಡಿ ಒಳಗಿನ ತಿಜೋರಿಯಲ್ಲೇ ಕೂರುತ್ತದೆ, ಜೊತೆಗೆ ಯಾರ ಕೈಗೆ ಸಿಕ್ಕರೂ ತಕ್ಷಣ ಹಾರಿಸಲು ಆಗುವುದಿಲ್ಲ. ನನ್ನ ಪ್ರಕಾರ ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊರಗೆ ತೆಗೆಯುವವರಿಗೆ ಇದೇ ಒಳ್ಳೆಯದು. ಮೂತಿಯಿಂದ ಮದ್ದು ತುಂಬುವ ಹಳೇ ಕೇಪಿನ ಬಂದೂಕು ಹಾಗೆ ಸುಲಭವಾಗಿ ಬಿಚ್ಚಿ ಬರುವುದಿಲ್ಲ. ಅದಕ್ಕೆ ಉದ್ದದ ತಿಜೋರಿಯೇ ಬೇಕು.

ಕೊಳ್ಳುವುದಾ, ಮಾಡಿಸುವುದಾ

ಮನೆಯ ಸ್ಟೀಲ್ ಬೀರು ತಿಜೋರಿ ಅಲ್ಲ. ಅದರ ತಗಡು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಎತ್ತಿದರೆ ಬಾಗಿಲು ಬಾಗುತ್ತದೆ. ಗೇಜ್ ಲೆಕ್ಕದಲ್ಲಿ ಅಂಗಡಿಯವರು ಮಾತಾಡಿದರೆ ಒಂದು ನೆನಪಿಡಿ. ಗೇಜ್ ನಂಬರ್ ಜಾಸ್ತಿಯಾದಷ್ಟೂ ತಗಡು ತೆಳು. 22 ಗೇಜ್ ಅಂದರೆ ಸುಮಾರು 0.7 ಮಿ.ಮೀ, 12 ಗೇಜ್ ಅಂದರೆ ಸುಮಾರು 2.6 ಮಿ.ಮೀ. ಗೊಂದಲ ಬೇಡ ಅಂದರೆ ಮಿಲಿಮೀಟರಿನಲ್ಲೇ ಕೇಳಿ, ದಪ್ಪ ಅಳೆಯುವ ವರ್ನಿಯರ್ ಹಿಡಿದು ಅಳೆಸಿ.

ಹಳೇ ತಿಜೋರಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಒಳ್ಳೆಯದೇ. ಎರಡು ವಿಷಯ ನೋಡಿ. ಎಲ್ಲ ಕೀಲಿಗಳೂ ಕೈಗೆ ಬಂದಿವೆಯಾ, ಇಲ್ಲದಿದ್ದರೆ ಬೀಗವನ್ನೇ ಬದಲಾಯಿಸಿ. ಮತ್ತೆ, ತುಂಬಾ ಹಳೇ ತಿಜೋರಿಗಳ ಗೋಡೆಯೊಳಗೆ ಬೆಂಕಿ ತಡೆಯಲು ಕಲ್ನಾರು (ಆಸ್ಬೆಸ್ಟಾಸ್) ತುಂಬಿರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಥದಕ್ಕೆ ತೂತು ಕೊರೆಯುವುದು, ಕತ್ತರಿಸುವುದು ಮಾಡಬೇಡಿ.

ಮಾಡಿಸುವುದಾದರೆ ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಕಡೆ ವಿಚಾರಿಸಿ. ಗ್ರಿಲ್ ಮಾಡುವ ಅಂಗಡಿಗಿಂತ ತಗಡು ಬೆಂಡಿಂಗ್ ಮಿಷಿನ್ ಇರುವ ಕಡೆ ಹೋದರೆ ಕೆಲಸ ನೀಟಾಗಿ ಬರುತ್ತದೆ. ಬರೆದುಕೊಡಬೇಕಾದ್ದು ಇಷ್ಟು: ಮೈ 3 ಮಿ.ಮೀ, ಬಾಗಿಲು 5 ಮಿ.ಮೀ. ಬಾಗಿಲು ಚೌಕಟ್ಟಿನ ಒಳಗೆ ಮುಳುಗಿ ಕೂರಬೇಕು, ಸುತ್ತ ಹಾರೆ ತುದಿ ನುಗ್ಗುವಷ್ಟು ಸಂದು ಇರಬಾರದು. ಕನಿಷ್ಠ ಮೂರು ದಪ್ಪ ಬೋಲ್ಟ್ ಹೊರಗೆ ಚಾಚಬೇಕು. ಬಾಗಿಲು ತಿರುಗುವ ಕೀಲಿನ (ಹಿಂಜ್) ಪಕ್ಕದಲ್ಲೂ ಒಳಗಿಂದ ಒಂದು ಪಟ್ಟಿ ಚೌಕಟ್ಟಿನ ಹಿಂದೆ ಸೇರಬೇಕು, ಆಗ ಯಾರಾದರೂ ಹೊರಗಿನ ಕೀಲನ್ನು ಕತ್ತರಿಸಿದರೂ ಬಾಗಿಲು ಬರುವುದಿಲ್ಲ. ತಳದಲ್ಲಿ ನಾಲ್ಕು, ಬೆನ್ನಲ್ಲಿ ಎರಡು ತೂತು, ಬೋಲ್ಟ್ ಹಾಕಲು. ಕಾಲು ಬೇಡ, ಕಾಲಿದ್ದರೆ ಹಾರೆಗೆ ಜಾಗ ಸಿಗುತ್ತದೆ. ತೋಟಾ ಇಡಲು ಒಳಗೇ ಬೇರೆ ಬೀಗದ ಒಂದು ಚಿಕ್ಕ ಪೆಟ್ಟಿಗೆ.

ತೂಕ ಮೊದಲೇ ಲೆಕ್ಕ ಹಾಕಬಹುದು. ಒಂದು ಚದರ ಮೀಟರ್ ಉಕ್ಕು, ಒಂದು ಮಿ.ಮೀ ದಪ್ಪ ಇದ್ದರೆ 7.85 ಕೆಜಿ. ಒಂದೂವರೆ ಮೀಟರ್ ಎತ್ತರ, 45 ಸೆಂ.ಮೀ ಅಗಲ, 40 ಸೆಂ.ಮೀ ಆಳದ ಪೆಟ್ಟಿಗೆಗೆ ಸುಮಾರು 2.9 ಚದರ ಮೀಟರ್ ತಗಡು ಬೇಕು. 3 ಮಿ.ಮೀ ಆದರೆ 68 ಕೆಜಿ, ಬಾಗಿಲಿನ ದಪ್ಪ, ಬೋಲ್ಟು, ಬೀಗ ಸೇರಿ 90 ಕೆಜಿ ಹತ್ತಿರ. ಇಬ್ಬರು ಗಟ್ಟಿಮುಟ್ಟಾದವರು ಬಗ್ಗಿಸಿ ಎತ್ತಿಕೊಂಡು ಹೋಗಬಹುದು ಅಲ್ವಾ? ಅದಕ್ಕೇ ನೆಲಕ್ಕೆ ಬಿಗಿಯದ ತಿಜೋರಿಗೆ ಬೆಲೆ ಇಲ್ಲ.

ಬೆಂಕಿ ತಡೆಯುವ ತಿಜೋರಿಗಳಲ್ಲಿ ಜಿಪ್ಸಮ್ ಹಲಗೆ ಇರುವುದುಂಟು. ಬಿಸಿಯಾದಾಗ ಅದು ತನ್ನೊಳಗಿನ ನೀರನ್ನು ಆವಿಯಾಗಿ ಬಿಡುತ್ತದೆ, ಕೆಲಸ ಮಾಡುವುದೇ ಹಾಗೆ. ಆದರೆ ಅಂಥ ತಿಜೋರಿಯ ಒಳಗೆ ಮಾಮೂಲಿ ದಿನಗಳಲ್ಲೂ ತೇವ ಸ್ವಲ್ಪ ಜಾಸ್ತಿ ಇರಬಹುದು. ತೆಗೆದುಕೊಂಡರೆ ಸಿಲಿಕಾ ಜೆಲ್ ಮರೆಯಬೇಡಿ.

ಎಲ್ಲಿಡುವುದು

ನೆಲಮಹಡಿ, ಒಳಗಿನ ಕೋಣೆ, ಎರಡು ಗೋಡೆ ಸೇರುವ ಮೂಲೆ. ಕಿಟಕಿಯಿಂದ ಕಾಣಬಾರದು. ಬಚ್ಚಲಿನ ಗೋಡೆಗೆ ಒರಗಿಸಬಾರದು. ಗೋಡೆ ಬುಡದಲ್ಲಿ ಸುಣ್ಣ ಉದುರುತ್ತಿದ್ದರೆ, ಬಿಳಿ ಉಪ್ಪು ಮೂಡಿದ್ದರೆ ಅಲ್ಲಿ ತೇವ ಏರುತ್ತಿದೆ ಅಂತ ಅರ್ಥ, ಆ ಜಾಗ ಬಿಡಿ. ಗೋಡೆಗೂ ತಿಜೋರಿಗೂ ನಡುವೆ ಒಂದೆರಡು ಇಂಚು ಗಾಳಿ ಆಡಲಿ.

ಮೇಲ್ಮಹಡಿ ಬೇಡ ಅನ್ನುವುದಕ್ಕೆ ಕಾರಣ ಇದೆ. ನಮ್ಮ ಹಳೇ ಮನೆಗಳ ಮಾಳಿಗೆ ಕಲ್ಲು ಚಪ್ಪಡಿಯದು. ಕಲ್ಲು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಚಪ್ಪಡಿಯ ನಡುಮಧ್ಯೆ ಭಾರ ಇಡಲೇಬೇಡಿ. ಆರ್‌ಸಿಸಿ ಮನೆಯಾದರೂ ವಾಸದ ಕೋಣೆಗಳಿಗೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕೆಜಿ. 90 ಕೆಜಿಯ ಪೆಟ್ಟಿಗೆ ಗೋಡೆ ಬದಿಯಲ್ಲಿ ನಿಂತರೆ ತೊಂದರೆ ಇಲ್ಲ. 300 ಕೆಜಿಯ ಹಳೇ ತಿಜೋರಿಯಾದರೆ ಇಂಜಿನಿಯರನ್ನು ಕೇಳದೆ ಮೇಲೆ ಏರಿಸಬೇಡಿ.

ಸಾಗಿಸುವುದು

ತಿಜೋರಿ ಸಾಗಿಸುವ ದಿನ ಬಂದೂಕು ಅದರೊಳಗೆ ಇರಬಾರದು. ಬಂದೂಕು ಖಾಲಿ ಇದೆಯಾ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ, ಬಿಚ್ಚಿ, ಚೀಲದಲ್ಲಿ ಹಾಕಿ ಲೈಸೆನ್ಸ್ ಇರುವವರೇ ಜೊತೆಗೆ ಇಟ್ಟುಕೊಳ್ಳಬೇಕು, ಇಲ್ಲವೇ ಆ ಎರಡು ದಿನ ಠಾಣೆಯಲ್ಲೋ ಲೈಸೆನ್ಸ್ ಇರುವ ಆರ್ಮ್ಸ್ ಡೀಲರ್ ಹತ್ತಿರವೋ ರಸೀದಿ ಪಡೆದು ಇಡಬೇಕು. ಮನೆಯನ್ನೇ ಬೇರೆ ತಾಲ್ಲೂಕಿಗೆ, ಬೇರೆ ಜಿಲ್ಲೆಗೆ ಬದಲಾಯಿಸುತ್ತಿದ್ದರೆ ವಿಳಾಸ ಬದಲಾವಣೆಯನ್ನು ಜಿಲ್ಲಾಧಿಕಾರಿ ಕಚೇರಿಗೂ ಠಾಣೆಗೂ ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ದಾರಿ ಅಳೆಯಿರಿ. ಹಳೇ ಮನೆಗಳ ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ, ಮುಂದೆ ಜಗಲಿ, ಆಮೇಲೆ ತಿರುವು. ಅಳತೆ ಟೇಪ್ ಹಿಡಿದು ವಾಹನ ನಿಲ್ಲುವ ಜಾಗದಿಂದ ಮೂಲೆಯವರೆಗೆ ನಡೆದು ನೋಡಿ. ಒಳಗಿನ ಹಲಗೆಗಳನ್ನು ತೆಗೆಯಿರಿ, ಬಾಗಿಲಿಗೆ ಬೀಗ ಹಾಕಿ, ಕೀಲಿ ಜೇಬಿಗೆ. ನಂಬರ್ ಒತ್ತುವ ಜಾಗಕ್ಕೆ ದಪ್ಪ ಬಟ್ಟೆ ಕಟ್ಟಿ. ಟಾಟಾ ಏಸ್‌ನಲ್ಲಿ ಬೆನ್ನ ಮೇಲೆ ಮಲಗಿಸಿ, ಬಾಗಿಲು ಆಕಾಶ ನೋಡುವಂತೆ. ಹಗ್ಗ ಎರಡೂ ಕಡೆಯಿಂದ ಅಡ್ಡ ಬಿಗಿಯಿರಿ.

ಇಳಿಸಿ ಒಳಗೆ ತರಲು ಶಕ್ತಿಗಿಂತ ಉಪಾಯ ಮುಖ್ಯ. ಒಂದೂವರೆ ಇಂಚಿನ ಜಿಐ ಪೈಪ್ ತುಂಡು ನಾಲ್ಕು, ಗಟ್ಟಿ ಹಲಗೆ ಎರಡು, ಒಂದು ಹಾರೆ. ಹಾರೆಯಿಂದ ಒಂದು ಅಂಚು ಎತ್ತಿ ಪೈಪ್ ತೂರಿಸಿ, ತಳ್ಳಿ, ಹಿಂದೆ ಬಿಟ್ಟ ಪೈಪನ್ನು ತಂದು ಮುಂದೆ ಹಾಕುತ್ತಾ ಹೋಗಿ. ಹೊಸ್ತಿಲಿಗೆ ಹಲಗೆಯ ಇಳಿಜಾರು ಮಾಡಿ. ಟೈಲ್ಸ್ ನೆಲವಾದರೆ ಪೈಪಿನ ಕೆಳಗೆ ಪ್ಲೈವುಡ್ ಹಾಸಿ, ಇಲ್ಲದಿದ್ದರೆ ಸೀಳುತ್ತದೆ. ಕಲ್ಲು ಚಪ್ಪಡಿ ಕೂರಿಸುವವರಿಗೆ ಈ ಕೆಲಸ ಚೆನ್ನಾಗಿ ಗೊತ್ತು, ಅಂಥವರನ್ನೇ ಕರೆಯಿರಿ. ಮೆಟ್ಟಿಲಲ್ಲಿ ಭಾರದ ಕೆಳಗಡೆ ಯಾರೂ ನಿಲ್ಲಬಾರದು. ಜಾರಿದರೆ ಹಿಡಿಯಲು ಹೋಗಬೇಡಿ, ಬಿಟ್ಟು ಸರಿಯಿರಿ. ಇನ್ನೊಂದು ಅಪಾಯ ಜನ ಮರೆಯುತ್ತಾರೆ: ಬೋಲ್ಟ್ ಹಾಕುವ ಮೊದಲು ಖಾಲಿ ತಿಜೋರಿಯ ಬಾಗಿಲು ಪೂರ್ತಿ ತೆರೆದರೆ ಬಾಗಿಲಿನ ಭಾರಕ್ಕೆ ಇಡೀ ಪೆಟ್ಟಿಗೆ ಮುಂದಕ್ಕೆ ಮಗುಚಬಹುದು. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಒಬ್ಬರು ಹಿಂದಕ್ಕೆ ಒತ್ತಿ ಹಿಡಿದಿರಲಿ.

ನೆಲಕ್ಕೆ ಬಿಗಿಯುವುದು

ಅರ್ಧಕ್ಕರ್ಧ ಭದ್ರತೆ ಇರುವುದು ಇಲ್ಲೇ. ಕಾಂಕ್ರೀಟ್ ನೆಲವಾದರೆ 12 ಮಿ.ಮೀ ಆಂಕರ್ ಬೋಲ್ಟ್ ನಾಲ್ಕು. ಮೇಲಿನ ಟೈಲ್ಸು, ಅದರ ಕೆಳಗಿನ ಗಾರೆ ಲೆಕ್ಕಕ್ಕಿಲ್ಲ, ಬೋಲ್ಟ್ ಹಿಡಿಯಬೇಕಾದ್ದು ಕಾಂಕ್ರೀಟನ್ನು. ಆದ್ದರಿಂದ ಉದ್ದದ ಬೋಲ್ಟ್ ತೆಗೆದುಕೊಳ್ಳಿ. ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್ ಮೋಡ್ (ಬಡಿಯುತ್ತಾ ಕೊರೆಯುವುದು) ಆಫ್ ಮಾಡಿ ಟೈಲ್ಸ್ ಬಿಟ್‌ನಲ್ಲಿ ಕೊರೆಯಿರಿ, ಆಮೇಲೆ ಹ್ಯಾಮರ್. ತೂತಿನ ದೂಳನ್ನು ಊದಿ ಪೂರ್ತಿ ತೆಗೆಯಿರಿ, ದೂಳು ಉಳಿದರೆ ಬೋಲ್ಟ್ ಕಚ್ಚುವುದಿಲ್ಲ.

ಕೆಂಪು ಗಾರೆ ನೆಲ, ಮಣ್ಣಿನ ಮೇಲೆ ಹಾಸಿದ ಕಲ್ಲು ಚಪ್ಪಡಿ ನೆಲ, ಇವುಗಳಲ್ಲಿ ಬೋಲ್ಟ್ ನಿಲ್ಲುವುದಿಲ್ಲ. ಮಣ್ಣಿನ ಗೋಡೆ, ಸೈಜುಗಲ್ಲಿನ ಗೋಡೆಯ ಸಂದುಗಳೂ ಅಷ್ಟೇ. ಇಲ್ಲಿ ಒಂದೇ ದಾರಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆದು, ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ ಕಲಸಿ ತುಂಬಿ, ತಳದ ತೂತಿನ ಅಳತೆಗೆ ಸರಿಯಾಗಿ ನಾಲ್ಕು ಬಾಗಿದ ಬೋಲ್ಟ್ ಹುಗಿದು ನಿಲ್ಲಿಸಿ. ಬೋಲ್ಟ್ ಅಲ್ಲಾಡದ ಹಾಗೆ ರಟ್ಟಿನ ಅಚ್ಚು ಮಾಡಿಕೊಂಡರೆ ಒಳ್ಳೆಯದು. ಕನಿಷ್ಠ 7 ದಿನ ನೀರು ಹಾಕಿ ಕ್ಯೂರಿಂಗ್ ಮಾಡಿ. ಆ ಕಾಂಕ್ರೀಟ್ ಗಡ್ಡೆಯೇ ಸುಮಾರು 260 ಕೆಜಿ ತೂಗುತ್ತದೆ, ತಿಜೋರಿ ಅದಕ್ಕೆ ಸೇರಿಬಿಟ್ಟರೆ ಹೊತ್ತುಕೊಂಡು ಹೋಗುವ ಮಾತಿಲ್ಲ. ಕಾಂಕ್ರೀಟ್ ಪೂರ್ತಿ ಒಣಗಿದ ಮೇಲೇ ತಿಜೋರಿ ಕೂರಿಸಿ, ನಡುವೆ ರಬ್ಬರ್ ಶೀಟ್ ಹಾಕಿ.

ಬೋಲ್ಟ್ ತೂತುಗಳ ಸುತ್ತ ಸಿಲಿಕಾನ್ ಸೀಲೆಂಟ್ ತುಂಬಿ. ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲು ಎಲ್ಲಿಂದ ಬರುತ್ತದೆ ಹೇಳಲಾಗದು. ಬಂದೂಕಿನ ಮರ ಅದಕ್ಕೆ ಸಿಕ್ಕರೆ ಮುಗಿಯಿತು.

ಕೀಲಿ ಮತ್ತು ನಂಬರ್

ದೇವರ ಫೋಟೋ ಹಿಂದೆ, ರಾಗಿ ಡಬ್ಬದಲ್ಲಿ, ಬಾಗಿಲ ಚೌಕಟ್ಟಿನ ಮೇಲೆ. ಇವು ಬಚ್ಚಿಡುವ ಜಾಗಗಳಲ್ಲ, ಮನೆಯವರೂ ಕಳ್ಳರೂ ಮೊದಲು ಕೈ ಹಾಕುವ ಜಾಗಗಳು. ಕೀಲಿ ಲೈಸೆನ್ಸ್ ಇರುವವರ ಮೈಮೇಲೆ ಇರಬೇಕು. ನಂಬರ್ ಬೀಗವಾದರೆ ಹುಟ್ಟಿದ ವರ್ಷ, ಬೈಕ್ ನಂಬರ್, ಮೊಬೈಲ್ ನಂಬರಿನ ಕೊನೆಯ ಅಂಕಿ ಬೇಡ. ಕಂಪನಿ ಇಟ್ಟುಕೊಟ್ಟ ನಂಬರನ್ನು ಮೊದಲ ದಿನವೇ ಬದಲಾಯಿಸಿ, ಬಾಗಿಲು ತೆರೆದೇ ಇಟ್ಟು ಹೊಸ ನಂಬರನ್ನು ಮೂರು ನಾಲ್ಕು ಸಲ ಪರೀಕ್ಷೆ ಮಾಡಿ, ಆಮೇಲೆ ಮುಚ್ಚಿ. ತುರ್ತು ಕೀಲಿಯನ್ನು ತಿಜೋರಿಯ ಒಳಗೇ ಇಡುವವರಿದ್ದಾರೆ, ಬ್ಯಾಟರಿ ಸತ್ತ ದಿನ ಅದರಿಂದ ಏನೂ ಪ್ರಯೋಜನವಿಲ್ಲ.

ಲೈಸೆನ್ಸ್ ಪುಸ್ತಕ ತಿಜೋರಿಯೊಳಗೆ ಬೇಡ. ಬಂದೂಕು ಕಳುವಾದರೆ ಪುಸ್ತಕವೂ ಹೋಗುತ್ತದೆ. ಬೇರೆ ಕಡೆ ಇಡಿ, ಬಂದೂಕಿನ ನಂಬರಿನ ಫೋಟೋ ಮೊಬೈಲಿನಲ್ಲಿರಲಿ. ಲೈಸೆನ್ಸ್ ಇರುವವರು ತೀರಿಕೊಂಡರೆ ಮನೆಯವರು ತಾವಾಗಿ ಬಂದೂಕು ಮುಟ್ಟದೆ ಠಾಣೆಗೆ ತಿಳಿಸಬೇಕು ಅನ್ನುವುದನ್ನು ಈಗಲೇ ಹೇಳಿಡಿ.

ಇದನ್ನು ಹೇಳದೆ ಮುಂದೆ ಹೋಗಲಾರೆ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ, ಬದುಕು ಸಾಕು ಅನ್ನುವ ಮಾತು ಬಂದಿದ್ದರೆ, ಅದು ಲೈಸೆನ್ಸ್ ಇರುವವರೇ ಆಗಿದ್ದರೂ ಸರಿ, ಬೀಗ ಸಾಲದು. ಬಂದೂಕು ಆ ಮನೆಯಿಂದ ಹೊರಗೆ ಹೋಗಬೇಕು. ಠಾಣೆಗೆ ಅಥವಾ ಡೀಲರಿಗೆ ಒಪ್ಪಿಸಿ, ಕಷ್ಟ ಕಳೆದ ಮೇಲೆ ತರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಒಳಗೆ ಇಡುವುದು

ಬಂದೂಕು ಖಾಲಿ, ತೋಟಾ ಬೇರೆ ಬೀಗದಲ್ಲಿ, ಬೇರೆ ಕೀಲಿಯಲ್ಲಿ. ಬೆಂಕಿ ಬಿದ್ದಾಗ ಬಿಡಿ ತೋಟಾ ಸಿಡಿದರೂ ಅದರ ಬಲ ಕಡಿಮೆ, ಆದರೆ ನಳಿಗೆಯಲ್ಲಿ ಉಳಿದ ತೋಟಾ ಗುಂಡು ಹಾರಿಸಿಯೇ ಹಾರಿಸುತ್ತದೆ. ಕೇಪಿನ ಬಂದೂಕಿನವರು ಕರಿಮದ್ದನ್ನು ಯಾವ ಕಾರಣಕ್ಕೂ ತಿಜೋರಿಯೊಳಗೆ ಇಡಬಾರದು. ಗಟ್ಟಿ ಉಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿದ ಮದ್ದಿಗೆ ಕಿಡಿ ತಗುಲಿದರೆ ಅದು ಬಾಂಬ್. ಲೈಸೆನ್ಸಿನಲ್ಲಿ ಬರೆದಷ್ಟೇ ಮದ್ದು, ಅದರದೇ ಡಬ್ಬದಲ್ಲಿ, ಒಲೆ ದೀಪದಿಂದ ದೂರ, ಮಕ್ಕಳ ಕೈಗೆ ಸಿಗದ ಹಾಗೆ.

ಬಂದೂಕನ್ನು ಚರ್ಮದ ಚೀಲ, ರೆಕ್ಸಿನ್ ಕವರ್, ಗೋಣಿಯಲ್ಲಿ ಸುತ್ತಿ ಒಳಗಿಡಬೇಡಿ. ತೇವ ಹಿಡಿದುಕೊಂಡು ತುಕ್ಕು ತರಿಸುತ್ತವೆ. ಮರದ ಗೂಡಿಗೆ ಫೆಲ್ಟ್ ಬಟ್ಟೆ ಅಂಟಿಸಿ ಅದರಲ್ಲಿ ನಿಲ್ಲಿಸಿ. ಹೊಸದಾಗಿ ಪೇಂಟ್ ಹೊಡೆಸಿದ ತಿಜೋರಿಯನ್ನು ವಾಸನೆ ಹೋಗುವವರೆಗೆ ಬಾಗಿಲು ತೆರೆದು ಒಣಗಿಸಿ.

ಮಳೆಗಾಲ, ಆಯುಧಪೂಜೆ

ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಒಣ, ಚಿಂತೆ ಕಡಿಮೆ. ಆರಿದ್ರಾ ಮಳೆಯಿಂದ ಚಿತ್ತಾ ಮಳೆ ಮುಗಿಯುವವರೆಗೆ ಎಚ್ಚರ ಬೇಕು. ಒಳಗೊಂದು ಚಿಕ್ಕ ತೇವ ಮಾಪಕ ಇಡಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. 50 ಪರ್ಸೆಂಟ್ ಆಸುಪಾಸು ಇದ್ದರೆ ಸರಿ, 60 ದಾಟಿದರೆ ತುಕ್ಕಿಗೆ ದಾರಿ. ಅರ್ಧ ಕೆಜಿ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಕಟ್ಟಿ ಇಡಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ, ಕಿತ್ತಳೆ ಬಣ್ಣದ್ದು ತನ್ನಿ. ಬಣ್ಣ ಬದಲಾದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ, ಮನೆಯ ಹೊರಗೆ, ಸಣ್ಣ ಉರಿಯಲ್ಲಿ ಬಿಸಿ ಮಾಡಿ ಕೈಯಾಡಿಸಿದರೆ ಮೊದಲಿನ ಬಣ್ಣಕ್ಕೆ ಬರುತ್ತದೆ, ಮತ್ತೆ ಬಳಸಬಹುದು. ತಿಂಗಳಿಗೊಮ್ಮೆ ಬಾಗಿಲು ತೆರೆದು, ಬಂದೂಕು ಖಾಲಿ ಇದೆಯಾ ಅಂತ ಮತ್ತೆ ನೋಡಿ, ಗನ್ ಆಯಿಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಮುಟ್ಟಿದ ಜಾಗದಲ್ಲಿ ಬೆವರಿನ ಉಪ್ಪು ಉಳಿದರೆ ಬೆರಳಿನ ಗುರುತಲ್ಲೇ ತುಕ್ಕು ಏಳುತ್ತದೆ.

ಆಯುಧಪೂಜೆ ಬರುವುದೂ ಇದೇ ತೇವದ ಕಾಲದಲ್ಲಿ. ನೀರಲ್ಲಿ ಕಲಸಿದ ಅರಿಶಿನ, ಕುಂಕುಮ, ವಿಭೂತಿ, ಒದ್ದೆ ಹೂವು, ನಿಂಬೆಹಣ್ಣಿನ ಹುಳಿ, ಇವೆಲ್ಲ ನಳಿಗೆಯ ಮೇಲೆ ಎರಡು ದಿನ ಕೂತರೆ ಕಲೆ ಹೋಗುವುದಿಲ್ಲ. ಪೂಜೆ ಬಿಡಬೇಕಿಲ್ಲ. ಕುಂಕುಮವನ್ನು ಕಬ್ಬಿಣಕ್ಕೆ ಇಡದೆ ಒಂದು ಶುಭ್ರ ಬಟ್ಟೆ ಹಾಸಿ ಅದರ ಮೇಲೆ ಇಡಿ, ಹೂವನ್ನು ಮರದ ಮೇಲೆ. ಮಂಗಳಾರತಿ ಆದ ಮೇಲೆ ಅವತ್ತೇ ಒರೆಸಿ, ಎಣ್ಣೆ ಹಚ್ಚಿ, ಒಳಗಿಟ್ಟು ಬೀಗ ಹಾಕಿ. ಪೂಜೆ ಇರುವಷ್ಟು ಹೊತ್ತೂ ದೊಡ್ಡವರೊಬ್ಬರು ಅಲ್ಲೇ ಇರಬೇಕು, ಮಕ್ಕಳು ಬಂದೂಕು ಹಿಡಿದು ಫೋಟೋ ತೆಗೆಸಿಕೊಳ್ಳುವುದು ಬೇಡ. ತಿಜೋರಿಗೂ ಪೂಜೆ ಮಾಡುತ್ತೇವಲ್ಲ, ಆಗ ಕೀಲಿ ತೂತಿಗೆ, ನಂಬರ್ ಗುಂಡಿಗಳ ಸಂದಿಗೆ ಕುಂಕುಮ ಹೋಗದಂತೆ ನೋಡಿಕೊಳ್ಳಿ.

ಚುನಾವಣೆ ಹೊತ್ತಲ್ಲಿ ಬಂದೂಕು ಠಾಣೆಗೆ ಒಪ್ಪಿಸುವಂತೆ ಹೇಳಿದರೆ ರಸೀದಿಯಲ್ಲಿ ಬಂದೂಕಿನ ನಂಬರ್ ಸರಿಯಿದೆಯಾ ನೋಡಿ. ವಾಪಸ್ ತಂದ ದಿನ ಹಾಗೇ ಒಳಗೆ ತಳ್ಳಬೇಡಿ. ಬಿಚ್ಚಿ, ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿ, ಒರೆಸಿ, ಎಣ್ಣೆ ಹಚ್ಚಿ ಇಡಿ.

ಬೀಗದ ಆರೈಕೆ

ಬೀಗದೊಳಗೆ ಎಣ್ಣೆ ಸುರಿಯಬೇಡಿ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ನಮ್ಮ ದೂಳಿಗೆ ಅದು ಅಂಟಾಗಿ ಕಚ್ಚಿಕೊಳ್ಳುತ್ತದೆ. ಕೀಲಿ ಬೀಗಕ್ಕೆ ಗ್ರಾಫೈಟ್ ಪುಡಿ ಚಿಟಿಕೆಯಷ್ಟು. ಚಾಚುವ ಬೋಲ್ಟ್‌ಗಳಿಗೆ ತೆಳ್ಳಗೆ ಗ್ರೀಸ್, ಬಾಗಿಲಿನ ಕೀಲುಗಳಿಗೆ (ಹಿಂಜ್) ಒಂದು ಹನಿ ಎಣ್ಣೆ. ನಂಬರ್ ಬೀಗದ ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಸತ್ತಿರಲಿ ಬಿಡಲಿ, ಬದಲಾಯಿಸಿ, ಆಲ್ಕಲೈನ್ ಬ್ಯಾಟರಿಯನ್ನೇ ಹಾಕಿ.

ಬಾಗಿಲು ತೆರೆಯದಿದ್ದರೆ ಗಾಬರಿ ಬೇಡ. ನಂಬರ್ ಒತ್ತಿದಾಗ ಸದ್ದು ಸಣ್ಣಗಾಗಿದ್ದರೆ ಮೊದಲು ಬ್ಯಾಟರಿ ಬದಲಾಯಿಸಿ. ತಪ್ಪು ನಂಬರ್ ಕೆಲವು ಸಲ ಒತ್ತಿದರೆ ಹಲವು ಬೀಗಗಳು ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುತ್ತವೆ, ಕಾಯಿರಿ. ಬೀಗ ತೆರೆದ ಸದ್ದು ಬಂದೂ ಹಿಡಿಕೆ ತಿರುಗದಿದ್ದರೆ ಬೋಲ್ಟ್ ಚೌಕಟ್ಟಿಗೆ ಒತ್ತಿಕೊಂಡಿರುತ್ತದೆ. ಬಾಗಿಲನ್ನು ಭುಜದಿಂದ ಒಳಕ್ಕೆ ಒತ್ತಿ ಹಿಡಿದು ಹಿಡಿಕೆ ತಿರುಗಿಸಿ. ಇಷ್ಟಾದರೂ ಬಾರದಿದ್ದರೆ ಬೀಗ ರಿಪೇರಿಯವರನ್ನು ಕರೆಯಿರಿ, ಕೆಲಸ ಮುಗಿಯುವವರೆಗೆ ಲೈಸೆನ್ಸ್ ಇರುವವರು ಪಕ್ಕದಲ್ಲೇ ಇರಿ. ಒಳಗೆ ಬಂದೂಕು, ತೋಟಾ ಇರುವಾಗ ಗ್ಯಾಸ್ ಕಟ್ಟರ್, ವೆಲ್ಡಿಂಗ್ ಯಾವುದನ್ನೂ ಆ ಕಬ್ಬಿಣಕ್ಕೆ ಮುಟ್ಟಿಸಲು ಬಿಡಬೇಡಿ, ಡ್ರಿಲ್‌ನಲ್ಲಿ ಬೀಗ ಕೊರೆದು ತೆಗೆಯಲು ಗೊತ್ತಿರುವವರನ್ನೇ ಹುಡುಕಿ.